ಹೂಳದೆ ಬಿಟ್ಟ ಹತ್ತು ಮೀಟರ್

ನಾನು ಮುಖ ತೊಳೆಯಲು ಹೋಗಿದ್ದೇ ಎಲ್ಲಕ್ಕೂ ಮೂಲ.

ಜಲ್ಲಿ ಕ್ವಾರಿಯಲ್ಲಿ ಲೋಡರ್ ಓಡಿಸುವವಳ ಮುಖದ ಮೇಲೆ ಧೂಳಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಸಂಜೆ ನಾಲ್ಕಕ್ಕೆ ಅವನು ಬರುವವನಿದ್ದ. ಮಣ್ಣಿನ ಸವೆತ ತಪಾಸಣೆ ಮಾಡುವ ಇನ್ಸ್‌ಪೆಕ್ಟರ್. ಮಣ್ಣನ್ನು ಬೆರಳಲ್ಲಿ ಹಿಸುಕಿ, ನಾಡಿ ನೋಡುವವನ ಹಾಗೆ ಕಣ್ಣು ಮುಚ್ಚುತ್ತಿದ್ದ. ಅದಕ್ಕೇ ನಾವೆಲ್ಲ ಅವನಿಗೆ ಮಣ್ಣಿನ ಡಾಕ್ಟ್ರು ಎಂದು ಹೆಸರಿಟ್ಟಿದ್ದೆವು.

ಜಲ್ಲಿ ತೆಗೆಯುವ ಮೊದಲು ಮೇಲ್ಮಣ್ಣನ್ನು ಕೆರೆದು ಬೇರೆ ರಾಶಿ ಹಾಕುತ್ತೇವೆ. ಮುಂದೆ ಗುಂಡಿ ಮುಚ್ಚುವಾಗ ಹಸಿರು ಚಿಗುರುವುದು ಅದರಲ್ಲೇ. ಮಳೆಗೆ ಅದು ಕೊಚ್ಚಿಹೋಗದಂತೆ ಕೆಳಗೆ ಬಟ್ಟೆಯ ಬೇಲಿ ಕಟ್ಟಿ, ಅದರ ಬುಡವನ್ನು ಗೇಣು ಆಳಕ್ಕೆ ಹೂಳಬೇಕು. ಐವತ್ತು ಮೀಟರ್ ಹೂತಿದ್ದೆ. ಉಳಿದ ಹತ್ತಕ್ಕೆ ಸಡಿಲ ಮಣ್ಣು ಎಳೆದು, ನಲ್ಲಿಯ ಕಡೆ ಓಡಿದೆ.

ತೂಕದ ಕೋಣೆಯ ಕಿಟಕಿಯಲ್ಲಿ ಕೂತಿದ್ದ ಅಕ್ಕ, "ಜಲ್ಲಿ ತುಂಬೋಕೆ ಇಷ್ಟೊಂದು ಅಲಂಕಾರ ಬೇಕಾ?" ಎಂದಳು.

ಅವನು ಬಂದ. ನನ್ನ ಕಿವಿಯ ಪಕ್ಕ ಉಳಿದಿದ್ದ ಸೋಪಿನ ನೊರೆಯ ಮೇಲೆ ಅವನ ಕಣ್ಣು ನಿಂತಿತು. ಆಮೇಲೆ ಬೇರೆ ಕಡೆ ನೋಡಿ ನಕ್ಕ.

"ಇವತ್ತು ಮುಖ ಕಾಣಿಸ್ತಿದೆ."

"ದಿನಾ ಇರೋ ಮುಖಾನೇ."

"ಇರುತ್ತೆ, ಕಾಣಿಸಲ್ಲ ಅಷ್ಟೆ. ಬೇಲಿ ಪೂರ್ತಿ ಹೂತಿದೀರಾ?"

"ಹೂತಿದೀನಿ."

ಅವನು ಬಗ್ಗಿ ನೋಡಲಿಲ್ಲ. ನನ್ನ ಮಾತನ್ನೇ ನಂಬಿ ಸಹಿ ಹಾಕಿದ.

ಎರಡು ದಿನಕ್ಕೆ ಜೋರು ಮಳೆ ಬಂತು. ಆ ಹತ್ತು ಮೀಟರಿನ ಅಡಿಯಿಂದ ಅರ್ಧ ರಾಶಿ ಹಳ್ಳಕ್ಕಿಳಿದು, ಕೆಳಗಿನವರ ಕೊಳದಲ್ಲಿ ಮೀನೆಲ್ಲ ಸತ್ತವು. ವಿಚಾರಣೆ ನಾಳೆಯೇ, ಅವನ ಕೆಲಸ ಹೋದ ಹಾಗೇ ಎಂದು ಅಕ್ಕ ಹೇಳಿದಳು.

ಅವನು ಬಂದು ನನ್ನನ್ನೇ ಸಮಾಧಾನ ಮಾಡಿದ. "ತಪ್ಪು ನಂದು. ಬಗ್ಗಿ ನೋಡ್ಬೇಕಿತ್ತು. ನೀವ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಮೇಲೆ ಪ್ರಾಣ ಇಟ್ಟುಕೊಂಡೇ ಅವನನ್ನು ಮುಳುಗಿಸುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ವಿಚಾರಣೆಯ ಕೋಣೆಗೆ ಕರೆಯದೆಯೇ ಹೋದೆ. "ಹತ್ತು ಮೀಟರ್ ನಾನು ಹೂಳಿರ್ಲಿಲ್ಲ. ಹೂತಿದೀನಿ ಅಂತ ಸುಳ್ಳು ಹೇಳಿದೆ."

"ಯಾಕಮ್ಮಾ?" ಎಂದರು ಮ್ಯಾನೇಜರ್.

"ಇವರು ಬರೋ ಹೊತ್ತಾಗಿತ್ತು. ಮುಖ ತೊಳ್ಕೋಬೇಕಿತ್ತು."

ಯಾರೂ ನಗಲಿಲ್ಲ. ಅವನು ನನ್ನನ್ನು ಒಮ್ಮೆ ನೋಡಿ ಹೊರಗೆ ನಡೆದ.

ಅವನ ಕೆಲಸ ಉಳಿಯಿತು. ನನ್ನನ್ನು ಲೋಡರಿನಿಂದ ಇಳಿಸಿ ಕೈಗೆ ಗುದ್ದಲಿ ಕೊಟ್ಟರು. ಅರವತ್ತು ಮೀಟರನ್ನೂ ಹೊಸದಾಗಿ ತೋಡಿ ಹೂತೆ. ನಾಲ್ಕು ದಿನ ಹಿಡಿಯಿತು. ಕೊಳದವರ ಮೀನು ಮಾತ್ರ ಯಾವ ಗುದ್ದಲಿಗೂ ವಾಪಸ್ ಬರುವುದಿಲ್ಲ.

ಐದನೆಯ ಬೆಳಿಗ್ಗೆ ಅವನು ಬಂದ. ನನ್ನನ್ನು ಏನೂ ಕೇಳಲಿಲ್ಲ. ಮಂಡಿಯೂರಿ, ಮೊದಲ ಗೂಟದಿಂದ ಕೊನೆಯ ಗೂಟದವರೆಗೆ ಬಟ್ಟೆಯನ್ನು ಎಳೆದೆಳೆದು ನೋಡಿದ. ಪ್ರತಿ ಎಳೆತಕ್ಕೂ ನಾನು ತಲೆ ತಗ್ಗಿಸಿದೆ. ಮುಗಿಯಲು ಅರ್ಧ ಗಂಟೆಯಾಯಿತು.

"ಸರಿಯಾಗಿದೆ," ಎಂದ.

"ಇನ್ಮೇಲೆ ನನ್ನ ಮಾತು ನಂಬಲ್ಲ ಅಲ್ವಾ?"

"ಸದ್ಯಕ್ಕೆ ಆಗಲ್ಲ." ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. "ನಿಮ್ಮನ್ನ ಮರೆಯೋಕೂ ಆಗ್ತಿಲ್ಲ. ನಾಲ್ಕು ದಿನ ಪ್ರಯತ್ನಪಟ್ಟೆ."

ನನಗೆ ಅಳು ಬಂತು. "ನಂಬಿಕೆ ಬರೋವರೆಗೂ ಹೀಗೇ ಎಳೆದು ನೋಡಿ. ನಾನು ಬೇಜಾರು ಮಾಡ್ಕೊಳ್ಳಲ್ಲ."

ಗುಳ್ಳೆ ಎದ್ದ ನನ್ನ ಅಂಗೈಯನ್ನು ಅವನು ಮೆಲ್ಲಗೆ ಹಿಡಿದುಕೊಂಡ.

"ನಾಳೆ ಮತ್ತೆ ಮಳೆಯಂತೆ," ಎಂದ. "ಬರ್ತೀನಿ. ಬೇಲಿ ನಿಲ್ಲುತ್ತೋ ಇಲ್ವೋ ಇಬ್ರೂ ನೋಡೋಣ."