ಸಜ್ಜಿಗೆ ಸರಿಹೊಂದುವ ಹಾರ್ನೆಸ್

ಆಟೋ ಗಕ್ಕನೆ ನಿಂತಿತು. ಕೊರಳಪಟ್ಟಿಯಿಂದ ತಲೆ ಜಾರಿಸಿಕೊಂಡ ನಾಯಿಮರಿ ಚಕ್ರದಿಂದ ಒಂದು ಗೇಣು ದೂರದಲ್ಲಿತ್ತು. ಅಂಗಡಿಯಿಂದ ಓಡಿಬಂದವನೊಬ್ಬ ಅದನ್ನು ಎತ್ತಿಕೊಂಡ.

ಹರಿತಾ ಕಿರುಚಲಿಲ್ಲ. ಖಾಲಿ ಪಟ್ಟಿ ಹಿಡಿದು ಹಾಗೇ ನಿಂತಿದ್ದಳು.

'ನನಗೆ ಭಯವೂ ಆಗಲಿಲ್ಲವಲ್ಲ...'

ಗಂಡ ಚಂದ್ರ ಮಂತ್ರಾಲಯದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಅವಳು ಆದೋನಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು, ಅತ್ತೆ ವೆಂಕಮ್ಮನ ಜೊತೆ ಉಣ್ಣುತ್ತಿದ್ದಳು, ಮಲಗುತ್ತಿದ್ದಳು. ಅಷ್ಟೇ. ಶಾಲೆಯ ಜಗುಲಿಯಲ್ಲಿ ಯಾರೋ ಬಿಟ್ಟುಹೋದ ಈ ಮರಿಯನ್ನೂ, ಬೇರೆ ಯಾರೂ ಒಯ್ಯಲಿಲ್ಲವೆಂದು ತಂದಿದ್ದಳು. ಅದರದು ಸಜ್ಜೆಕಾಳಿನ ಬಣ್ಣ, ಅದಕ್ಕೇ ಸಜ್ಜಿ ಎಂದು ಹೆಸರು.

ಮರಿಯನ್ನು ಎತ್ತಿಕೊಂಡವನು ದುರುಗೇಶ, ಸಾಕುವ ನಾಯಿ, ಮೀನುಗಳಿಗೆ ಬೇಕಾದ್ದನ್ನು ಮಾರುವ ಅಂಗಡಿಯವನು. ಅವಳನ್ನು ಬೈಯಲಿಲ್ಲ. ಕೊರಳಿಗೆ ಪಟ್ಟಿ ಬೇಡ, ಎದೆ-ಬೆನ್ನಿಗೆ ಸುತ್ತುವ ಹಾರ್ನೆಸ್ ಹಾಕಿ ಎಂದ. ಮೊದಲನೆಯದು ಕಂಕುಳಿಗೆ ಒತ್ತಿತು. ಎರಡನೆಯದರಿಂದ ಸಜ್ಜಿ ಹಿಂದೆ ಸರಿದು ಪಾರಾಯಿತು. ಮೂರನೆಯದು ಭುಜಕ್ಕೆ ತಾಗದೆ ಎದೆಗೆ ಕೂತಿತು. ಹಗ್ಗದ ಉಂಗುರ ಎದೆಯ ಮೇಲಿತ್ತು.

"ಎಳೆದ್ರ ತಾನಾ ನಿಮ್ಮ ಕಡಿ ತಿರುಗತೈತಿ ಮೇಡಂ. ಎರಡು ಬೆರಳು ಹೋಗಂಗ ಸಡ್ಲ ಇರ್ಲಿ," ಎಂದ.

ಕರೆದಾಗ ಬರುವುದನ್ನೂ ಕಲಿಸುತ್ತೇನೆ, ಬಿಸಿಲೇರುವ ಮುಂಚೆ ಮೈದಾನಕ್ಕೆ ಬನ್ನಿ ಎಂದ. ಉದ್ದ ಹಗ್ಗ, ಬೇಯಿಸಿದ ಕೋಳಿಯ ಚೂರು. ಬಂದ ಮರಿಯನ್ನು ಎಂದೂ ಗದರಬಾರದು.

ತಿಂಗಳು ಕಳೆಯಿತು. ದುರುಗೇಶ ಕರೆದರೆ ಸಜ್ಜಿ ಹಾರಿ ಬರುತ್ತಿತ್ತು. ಹರಿತಾ ಕರೆದರೆ ನಿಂತು ನೋಡುತ್ತಿತ್ತು. ಅವಳ ದನಿ ಹಾಜರಿ ಕರೆಯುವಂತಿತ್ತು.

ಒಂದು ದಿನ ಅವನು ತಲೆ ತಗ್ಗಿಸಿ, "ಸಜ್ಜಿನ ನನ್ನತ್ರ ಬಿಡ್ತೀರೇನ್ರಿ?" ಎಂದ.

'ಒಂದು ಮರಿಯನ್ನು ಪ್ರೀತಿಸಲೂ ನನಗೆ ಬರುವುದಿಲ್ಲ... ಇವನಿಗೂ ಗೊತ್ತಾಯಿತು.'

ಹಗ್ಗ ಸುತ್ತಿಕೊಂಡು ಸಜ್ಜಿಯೊಂದಿಗೆ ಹೊರಟುಹೋದಳು. ಮತ್ತೆ ಮೈದಾನಕ್ಕೆ ಹೋಗಲಿಲ್ಲ, ಅವನ ಫೋನೂ ಎತ್ತಲಿಲ್ಲ.

ಮೂರು ವಾರದಲ್ಲಿ ಸಜ್ಜಿ ಬೆಳೆಯಿತು. ಹಾರ್ನೆಸ್ ಬಿಗಿಯಾಗಿ ತಿಕ್ಕಿ ಕಂಕುಳು ಕೆಂಪಾಯಿತು. ಮರಿ ನೋವಿಗೆ ಕುಂಯ್‌ಗುಟ್ಟಿದಾಗ ಹರಿತಾ ಅದನ್ನು ಎದೆಗವಚಿಕೊಂಡಳು. ಏಕೆಂದು ಅವಳಿಗೇ ತಿಳಿಯಲಿಲ್ಲ. ಹಾಗೇ ದುರುಗೇಶನ ಅಂಗಡಿಗೆ ನಡೆದಳು.

ದುರುಗೇಶ ಮುಲಾಮು ಹಚ್ಚಿದ. ಎದೆಯ ಸುತ್ತಳತೆ ತೆಗೆದು ದೊಡ್ಡದೊಂದನ್ನು ತಂದ.

"ಸಜ್ಜಿನ ಕೊಡಂಗಿಲ್ಲ ನಾನು," ಎಂದಳು ಹರಿತಾ. "ನನಗ ಸಾಕಾಕ ಬರಂಗಿಲ್ಲ ಅಂತ ಕೇಳಿದ್ರಿ. ಗೊತ್ತೈತಿ."

"ಅದಲ್ರಿ..." ಅವನ ಕೈಯಲ್ಲಿದ್ದ ಟೇಪು ಜಾರಿತು. "ತರಬೇತಿ ಎಷ್ಟು ದಿನ ನಡೀತೈತಿ? ಒಂದಿನ ನೀವು ಬರಾದು ಬಿಡ್ತೀರಿ. ಸಜ್ಜಿ ನನ್ನತ್ರ ಇದ್ರ, ಇದನ್ನ ನೋಡಾಕರ ಬರ್ತೀರಿ ಅನ್ಕಂಡೆ. ನಿಮ್ಮನ್ನ ನೋಡ್ದ ಇರಾಕ ಆಗವಲ್ದು ನನಗ."

ಹರಿತಾ ಬಗ್ಗಿ ಜಾರಿದ ಟೇಪನ್ನು ಎತ್ತಿಕೊಟ್ಟಳು. ಎದೆಯಲ್ಲಿ ಏನೂ ಅರಳಲಿಲ್ಲ. ಆದರೆ ಹೊರಟುಹೋಗಬೇಕೆಂದೂ ಅನ್ನಿಸಲಿಲ್ಲ.

"ನನಗ ಏನೂ ಅನಸಂಗಿಲ್ಲ ದುರುಗೇಶ್. ಚಂದ್ರ ಹೋದಾಗಿಂದ... ನಿಮ್ಮತ್ರ ಸುಳ್ಳು ಹೇಳಾಕ ಮನಸಿಲ್ಲ."

"ಪರ್ವಾಲೇದು. ನಾ ಕಾಯ್ತೀನಿ."

ಅವಳು ಅವನ ಮುಖ ನೋಡಿದಳು.

"ಸಾಯಂಕಾಲ ಮನಿಗೆ ಚಾಕ್ಕ ಬರ್ರಿ. ನಮ್ಮತ್ತಿಗೆ ನಾನ ಹೇಳ್ತೀನಿ."

"ಏನಂತ ಹೇಳ್ತೀರಿ?"

"ನನ್ನ ಸಲುವಾಗಿ ಕಾಯ್ತೀನಿ ಅಂದೋರು ಇವರ ಅಂತ."