ಕೂಡಿಟ್ಟ ಶಕ್ತಿ

"ಏಳ್ರಿ ಅತ್ತಿ... ಇವತ್ತೂ ಮಲಗೇ ಇದ್ರ ಹೆಂಗ್ರಿ?"

ಗೀತಾ ಕೌದಿಯನ್ನು ಎಳೆದೇಬಿಟ್ಟಳು. ಸಾವಿತ್ರವ್ವ ಎರಡೂ ಕೈಯಿಂದ ಅದರ ಅಂಚನ್ನು ಹಿಡಿದಿದ್ದಳು; ಆದರೂ ಕೌದಿ ಯಾವ ತಡೆಯೂ ಇಲ್ಲದೆ ಜಾರಿ ಬಂತು. ಇಷ್ಟೇನೆ ಇವರ ಹಿಡಿತ! ಬಗ್ಗಿ ಪಾದ ಮುಟ್ಟಿದರೆ ಬಾವಿಯ ಕಲ್ಲು ಮುಟ್ಟಿದಷ್ಟು ತಣ್ಣಗೆ. ಉಗುರುಗಳಲ್ಲಿ ನೀಲಿ.

"ಶರಣಾ... ನೋಡಪಾ ಇಕಿನ್ನ!" ಮುದುಕಿ ಕೂಗಿದಳು.

ಹಿಟ್ಟಿನ ಗಿರಣಿ ನಿಲ್ಲಿಸಿ ಮಗ ಓಡಿ ಬಂದ. ಹುಬ್ಬಿನ ಮೇಲೆಲ್ಲ ಹಿಟ್ಟು.

"ನಿನಗ ಮನಸ್ಸು ಅನ್ನೋದು ಐತೇನ? ಹೊಟ್ಟ್ಯಾಗ ಗಡ್ಡಿ ಇಟಗೊಂಡಾಕಿನ್ನ ಗಾಣದ ಎತ್ತಿನಂಗ ತಿರುಗಸ್ತಿ!"

"ಡಾಕ್ಟ್ರು ನಡಸ್ರಿ ಅಂದಾರ್ರಿ..."

"ಇರೂ ಶಕ್ತೀನೂ ಖರ್ಚು ಮಾಡಸ್ತಾಳ," ಸಾವಿತ್ರವ್ವ ಬಿಕ್ಕಿದಳು. "ಕೊಯ್ಯೂ ದಿನಕ್ಕ ಏನ್ ಉಳೀತೈತಿ? ನಾ ಸತ್ರ ಇಕಿ ಹೊಟ್ಟಿ ತಣ್ಣಗಾಗತೈತಿ!"

ಗೀತಾ ಕೌದಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಶಿರಸಿಯ ಆಸ್ಪತ್ರೆಗೆ ಅತ್ತೆಯನ್ನು ಕರೆದೊಯ್ದವಳು ಅವಳೇ. ಕರುಳಿನ ಗಡ್ಡೆ ತೆಗೆಯಬಹುದು, ಆದರೆ ಈ ಮೈ ಈಗಲೇ ತಾಳಲಾರದು. ಉಣ್ಣಿಸಿ, ನಡೆಸಿ, ಕಸುವು ತಂದುಕೊಂಡು ಬನ್ನಿ ಎಂದಿದ್ದರು ಕಿಶೋರ ಡಾಕ್ಟರು. ಅತ್ತೆ ಉಣ್ಣುವುದಕ್ಕೇನೂ ತಕರಾರು ಮಾಡುತ್ತಿರಲಿಲ್ಲ. ಹಾಲು, ಮೊಳಕೆಯ ಹೆಸರು, ಶೇಂಗಾ ಚಟ್ನಿಪುಡಿ... ಕೊಟ್ಟದ್ದನ್ನೆಲ್ಲ ಶ್ರದ್ಧೆಯಿಂದ ತಿಂದು, ಮರುಗಳಿಗೆಯಲ್ಲೇ ಕಣ್ಣು ಮುಚ್ಚಿ ಕೊರಡಿನಂತೆ ಮಲಗಿಬಿಡುತ್ತಿದ್ದಳು. ಪಕ್ಕಕ್ಕೆ ಹೊರಳಲೂ ಜಿಪುಣತನ! ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ಮಾತ್ರ ಎದ್ದು ಕೂರುತ್ತಿದ್ದಳು. ಎಡ ಅಂಗೈಯ ಮೇಲೆ ಲಿಂಗವಿಟ್ಟುಕೊಂಡಾಗ ಆ ಕೈ ನಡುಗುವುದನ್ನು ಕಂಡು ಗೀತಾ ಆಸರೆ ಕೊಡಲು ಹೋದರೆ, "ಮುಟ್ಟಬ್ಯಾಡ!" ಎಂದು ಗದರುತ್ತಿದ್ದಳು. ಗೀತಾ ಹಿಂದೆ ಸರಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಡಾಕ್ಟರು ಮತ್ತೆ ನೋಡುವ ದಿನ ಬಂತು. ಶರಣನೂ ಜೊತೆಗೆ ಹೊರಟ, ಹೆಂಡತಿಯ ಮೇಲೆ ದೂರು ಹೇಳಲೆಂದೇ. ಕುರ್ಚಿಯಿಂದ ಏಳಲು ಹೇಳಿದರೆ ಸಾವಿತ್ರವ್ವನಿಗೆ ಆಗಲಿಲ್ಲ. ಡಾಕ್ಟರು ಅವಳ ತೊಡೆಯನ್ನು ಒತ್ತಿ ನೋಡಿ, ನರ್ಸ್ ಶ್ರೀಲಕ್ಷ್ಮಿಯ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ ಮೆಲ್ಲಗೆ ಅಂದರು: "ಶಕ್ತಿ ಇಲ್ಲೆ."

ಸಾವಿತ್ರವ್ವನ ಮುಖ ಅರಳಿತು! "ಕೇಳಿದ್ಯಾ ಶರಣಾ? ಆವತ್ತೂ ಹಿಂಗ ತೊಡಿ ಹಿಚುಕಿ ಹೇಳಿದ್ರು, ಶಕ್ತಿ ಇಲ್ಲೇ ಐತಿ ಅಂತ! ಅದನ್ನ ಖರ್ಚು ಮಾಡಬಾರ್ದಂತ ನಾ ಕಾಲು ಅಲ್ಲಾಡಸ್ಲಿಲ್ಲ. ಈ ರಾಕ್ಷಸಿ ಬಿಡಬೇಕಲ್ಲ!"

ಶ್ರೀಲಕ್ಷ್ಮಿ ತಬ್ಬಿಬ್ಬಾದಳು. "ಅಜ್ಜೀ... ನಮ್ಮ ಬದಿ ಮಾತಲ್ಲಿ 'ಇಲ್ಲೆ' ಅಂದ್ರೆ... 'ಇಲ್ಲ' ಅಂತ."

ಶರಣನ ಗಂಟಲಲ್ಲಿ ಹುಟ್ಟಿದ ನಗೆ ಅಲ್ಲೇ ಸತ್ತಿತು. ಸಾವಿತ್ರವ್ವ ತೊಡೆಯ ಮೇಲಿದ್ದ ಕೈಯನ್ನು ಕದ್ದು ಸಿಕ್ಕಿಬಿದ್ದವಳಂತೆ ಹಿಂದಕ್ಕೆ ಎಳೆದುಕೊಂಡಳು.

"ನಿಮಗೆ ಬಿಡಿಸಿ ಹೇಳಬೇಕಿತ್ತು ನಾನು," ಎಂದರು ಡಾಕ್ಟರು. "ಅಜ್ಜಿ, ಶಕ್ತಿ ಕಣಜದ ಭತ್ತ ಅಲ್ಲ, ಕೂಡಿಟ್ರೆ ಉಳಿಯೋದಿಲ್ಲ. ಮೈಯ ಕಣಕಣದಲ್ಲೂ ಒಂದೊಂದು ಸಣ್ಣ ಒಲೆ ಇದೆ ಅಂತ ತಿಳ್ಕೊಳ್ಳಿ. ಉಂಡದ್ದು ಕಟ್ಟಿಗೆ; ಗಾಳಿ ತಂದುಕೊಡೋದು ರಕ್ತ. ನಡೆದಾಡಿದ್ರೆ ಒಲೆ ಉರೀತದೆ, ಮಲಗೇ ಇದ್ರೆ ಆರ್ತಾ ಹೋಗ್ತದೆ. ಕೊಯ್ದ ಗಾಯ ಮಾಯಬೇಕಲ್ಲ? ಗಡ್ಡೆ ಬಹಳ ದಿನ ಕಾಯೋದಿಲ್ಲ. ಇನ್ನೆರಡು ವಾರ... ಅಷ್ಟೇ ನಾ ಕೊಡಬಲ್ಲೆ."

ಊರಿಗೆ ಮರಳುವ ದಾಸನಕೊಪ್ಪದ ಬಸ್ಸಿನಲ್ಲಿ ಮೂವರೂ ಮೂರು ಕಡೆ ನೋಡುತ್ತ ಕೂತರು. ಮರುದಿನ ಗೀತಾ ಕೌದಿಗೆ ಕೈ ಹಾಕಲಿಲ್ಲ. ಅತ್ತೆಯ ಕೋಣೆಯ ಹೊಸ್ತಿಲಲ್ಲಿ ನಿಂತಳು, ಅಡಿಗೆಮನೆಗೆ ಹೋದಳು, ಮತ್ತೆ ಬಂದು ನಿಂತಳು.

"ಯಾಕ, ಬಾಯಿ ಬಿದ್ದು ಹೋಗೇತೇನ?" ಒಳಗಿನಿಂದ ದನಿ. "ಬೈದು ಎಬ್ಬಸು... ನನಗ ನಾನಾಗೇ ಏಳಾಕ ಹೆದರಿಕಿ ಆಗೇತಿ."

ಅವತ್ತು ಸಾವಿತ್ರವ್ವ ಸೊಸೆಯ ತೋಳು ಹಿಡಿದು ಏದುಸಿರು ಬಿಡುತ್ತ ಗಿರಣಿಯವರೆಗೂ ಬಂದಳು. "ನೋಡಪಾ, ನಿನ್ನ ಗಾಣದೆತ್ತು ಬಂತು!" ಶರಣ ಹಿಟ್ಟಿನ ಕೈಯಿಂದ ಮುಖ ಮುಚ್ಚಿಕೊಂಡ.

ಎರಡು ವಾರ ಯಾರಿಗೂ ಸಾಲಲಿಲ್ಲ; ಆಪರೇಷನ್ನಿನ ದಿನ ಬಂದೇಬಿಟ್ಟಿತು. "ಪೂರ್ತಿ ಧೈರ್ಯ ಹೇಳಲಾರೆ. ಆದ್ರೆ ಆವತ್ತಿನ ಅಜ್ಜಿ ಅಲ್ಲ ಇವರು," ಎಂದಷ್ಟೇ ಹೇಳಿ ಡಾಕ್ಟರು ಒಳಗೆ ಹೋದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಶ್ರೀಲಕ್ಷ್ಮಿ ಸಂಕೋಚದಿಂದ ಸಾವಿತ್ರವ್ವನ ಕತ್ತಿನ ಕಡೆ ಕೈ ತೋರಿಸಿ, ಅದನ್ನು ತೆಗೆಯಬೇಕು ಎಂದಳು. ಮಗುವಾಗಿದ್ದಾಗ ಕಟ್ಟಿದ ಲಿಂಗ. ಹೆರಿಗೆಯ ನೋವಿನಲ್ಲೂ ಮೈ ಬಿಟ್ಟು ಇಳಿದದ್ದಲ್ಲ. ಸಾವಿತ್ರವ್ವ ಕಣ್ಣು ಮುಚ್ಚಿದಳು. ಆಮೇಲೆ ತಾನೇ ಶಿವದಾರ ಬಿಚ್ಚಿದಳು. ಶರಣ ಕೈ ಚಾಚಿದ. ಅವಳು ಆ ಕೈಯನ್ನು ದಾಟಿ ಗೀತಾಳ ಎಡ ಅಂಗೈ ಹುಡುಕಿದಳು.

"ನಿನ್ನ ಕೈ ಬೆಚ್ಚಗೈತಿ. ಇಟಗೋ... ಎಲ್ಲೂ ಹೋಗಬ್ಯಾಡ."

"ಇಲ್ಲೇ ಇರ್ತೀನ್ರಿ ಅತ್ತಿ!"

ಮುದುಕಿ ತಲೆ ಎತ್ತಿದಳು. "ಯಾವ 'ಇಲ್ಲೇ'? ನಮ್ಮದೋ, ಡಾಕ್ಟ್ರದೋ?"

"ನಮ್ಮದ್ರಿ..." ಗೀತಾ ಅವಳ ಮೇಲೆ ಬಗ್ಗಿದಳು. "ನಮ್ಮದ ಅತ್ತಿ!"

ಅವಳನ್ನು ಮಲಗಿಸಿದ್ದ ತಳ್ಳುಗಾಡಿ ಒಳಗೆ ಸರಿಯಿತು. ಗೀತಾ ಅಂಗೈ ಮುಚ್ಚಿ ಎದೆಗೆ ಒತ್ತಿಕೊಂಡಳು. ಶರಣ ಬಂದು, ಆ ಮುಷ್ಟಿಯ ಅಡಿಯಲ್ಲಿ ತನ್ನ ಕೈಯಿಟ್ಟ. ಇಬ್ಬರೂ ಬಾಗಿಲನ್ನೇ ನೋಡುತ್ತ ನಿಂತರು.