ಹದಿನೇಳನೆಯ ಕೋಣೆಯ ಸ್ಪೀಕರು

ತೆರೆಯ ಹಿಂದೆ ತಂಬೂರಿ ನುಡಿಯುತ್ತಿತ್ತು. ಕೋಣೆಯಲ್ಲಿದ್ದ ಮೂವತ್ತು ಜನ ಕಣ್ಣು ಮುಚ್ಚಿ ಕೇಳುತ್ತಿದ್ದರು. ಡಾ. ಶಾಹೀನ್ ನದಾಫ್ ತೆರೆ ಸರಿಸಿದರು. ತಂಬೂರಿ ಹಿಡಿದು ಕುಳಿತಿದ್ದ ಮೌನೇಶ ಬಡಿಗೇರರ ಕೈ ತೊಡೆಯ ಮೇಲಿತ್ತು; ತಂತಿಗಳು ಸುಮ್ಮನಿದ್ದವು. ನಾದ ಮಾತ್ರ ನಿಂತಿರಲಿಲ್ಲ. ಅವರ ಪಕ್ಕ ನಿಲ್ಲಿಸಿದ್ದ, ರೊಟ್ಟಿ ಬಡಿಯುವ ಮರದ ತಟ್ಟೆ ಕೊಣಮಿಗೆಯಷ್ಟು ಅಗಲದ ಎರಡು ಹಲಗೆಗಳಿಂದ ಅದು ಬರುತ್ತಿತ್ತು.

"ಬಾರಿಸೋದು ಯಾವಾಗ ಬಿಟ್ರಿ?" ಎಂದು ಮುಂದಿನ ಸಾಲಿನವರೊಬ್ಬರು ಕೇಳಿದರು.

"ಐದು ನಿಮಿಷ ಆತ್ರಿ," ಎಂದರು ಮೌನೇಶ.

ಅದು 2058ರ ಹುಬ್ಬಳ್ಳಿಯ ಹೈ-ಫೈ ಪ್ರದರ್ಶನ. ಹೋಟೆಲಿನ ಮೂರು ಮಹಡಿಗಳ ತುಂಬ ಸ್ಪೀಕರುಗಳು. ಕೆಲವು ಆಳೆತ್ತರದವು, ಒಂದು ಜೋಡಿಗೆ ಒಂದು ಸೈಟಿನ ಬೆಲೆ. ಅವುಗಳ ಮುಂದೆ ಕುಳಿತ ಶ್ರೀಮಂತರು ಗಲ್ಲಕ್ಕೆ ಕೈ ಕೊಟ್ಟು, ಅರ್ಥವಾಗಲಿ ಬಿಡಲಿ, ತಲೆದೂಗುತ್ತಿದ್ದರು. ಶಾಹೀನರಿಗೆ ಸಿಕ್ಕಿದ್ದು ಲಿಫ್ಟಿನ ಪಕ್ಕದ ಹದಿನೇಳನೆಯ ಕೋಣೆ. ಅವರ ಜೋಡಿಯ ಬೆಲೆ ಒಂದು ಒಳ್ಳೆಯ ಸೈಕಲ್ಲಿನಷ್ಟು. ಬೆಲೆ ಕೇಳಿ ಮೂಗು ಮುರಿದು ಮುಂದೆ ಹೋದವರು ಒಳಗಿನ ಸದ್ದು ಕೇಳಿ ತಿರುಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಹಳೆಯ ಸ್ಪೀಕರಿನಲ್ಲಿ ಒಂದು ಕಾಗದದ ಶಂಕು ಇಡಿಯಾಗಿ ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಶಾಹೀನರ ಹಲಗೆಯಲ್ಲಿ ನವಣೆ ಕಾಳಿನಷ್ಟು ಚಿಕ್ಕ ನಲವತ್ತು ಸಾವಿರ ಕೋಶಗಳು, ಒಂದೊಂದೂ ತನ್ನಷ್ಟಕ್ಕೆ ಅಲುಗುವಂಥದ್ದು. ಅದೇ ಕೋಶ ಸದ್ದನ್ನು ಕೇಳಿಸಿಕೊಳ್ಳಲೂ ಬಲ್ಲದು. ಹಾಗಾಗಿ ಆ ಹಲಗೆ ಎದುರಿನ ಸದ್ದನ್ನು ತಾನೇ ಹಿಡಿದಿಟ್ಟುಕೊಂಡು, ಗೋಡೆಯ ಮಾರ್ದನಿಯನ್ನು ಲೆಕ್ಕ ಹಾಕಿ, ಇದ್ದದ್ದನ್ನು ಇದ್ದ ಹಾಗೆ ಮರಳಿಸುತ್ತದೆ. ಹೇಳುವುದು ಸುಲಭ. ಶಾಹೀನರಿಗೆ ಹನ್ನೆರಡು ವರ್ಷ ಹಿಡಿದಿತ್ತು, ಮತ್ತು ಅಂಥದ್ದನ್ನು ಅಷ್ಟು ಅಗ್ಗಕ್ಕೆ ಕೊಡಹೊರಟ ಅವರ ಬಗ್ಗೆ ಯಾರಿಗಾದರೂ ಗೌರವ ಹುಟ್ಟಬೇಕು.

ಜನ ಚಪ್ಪಾಳೆ ತಟ್ಟಿದರು. ಮೌನೇಶರು ಮಾತ್ರ ಹಲಗೆಗಳನ್ನೇ ದಿಟ್ಟಿಸುತ್ತಿದ್ದರು. ಅವರು ಧಾರವಾಡದಲ್ಲಿ ನಲವತ್ತು ವರ್ಷಗಳಿಂದ ತಂಬೂರಿ ಮಾಡುವವರು.

"ಮೇಡಂ, ಇದರಾಗ ಜವಾರಿ ಕೇಳ್ತೈತಲ್ರಿ!" ಎಂದರು.

ಜವಾರಿ ಎಂದರೆ ತಂಬೂರಿಯ ಪ್ರಾಣ. ತಂತಿಗಳು ಕುದುರೆ ಎಂಬ ಪುಟ್ಟ ಮಣೆಯ ಮೇಲೆ ಹಾಯುತ್ತವೆ. ಅದರ ಮೈಯನ್ನು ಅರದಿಂದ ಹದವಾಗಿ ಉಜ್ಜಿ, ತಂತಿಯ ಕೆಳಗೆ ದಾರದ ಎಳೆ ಸಿಕ್ಕಿಸಿದರೆ ಒಂದು ಗುಂಗು ಏಳುತ್ತದೆ. ಒಂದೇ ಸ್ವರದೊಳಗಿಂದ ಹತ್ತು ಸ್ವರ ಅರಳುತ್ತವೆ.

"ತಂಬೂರಿಯೊಳಗ ಇದ್ದದ್ದು ಇದರಾಗೂ ಕೇಳಬೇಕಲ್ರಿ?" ಎಂದರು ಶಾಹೀನ್.

"ತಂಬೂರಿಯೊಳಗೇ ಇಲ್ಲ ಅಂತ ತಿಳದಿದ್ದೆ. ನನ್ನ ಕಿವಿ ಕೆಟ್ಟಾವು, ಈ ತಂಬೂರಿ ಮುಗದ ಮ್ಯಾಲ ಕೆಲಸಾನೇ ಬಿಡೋದು ಅಂತ ಮಾಡಿದ್ದೆ."

ಅವರು ನಡೆದದ್ದನ್ನು ಹೇಳಿದರು. ಈ ತಂಬೂರಿ ಪುಣೆಯ ಗಾಯಕಿ ಮೃಣಾಲಿನಿ ಗಲಗಲಿ ಅವರಿಗಾಗಿ ಹೊಸದಾಗಿ ಮಾಡಿದ್ದು. ಹಿಂದೆಲ್ಲ ಹಾಡುವವರು ತಂಬೂರಿ ಮಾಡುವವರ ಮನೆಗೆ ಬಂದು, ಇಡೀ ದಿನ ಎದುರು ಕುಳಿತು, ತಮಗೆ ಬೇಕಾದ ಹಾಗೆ ಜವಾರಿ ತೆಗೆಸಿಕೊಳ್ಳುತ್ತಿದ್ದರು. ಈಗ ಅಷ್ಟು ಪುರುಸೊತ್ತು ಯಾರಿಗಿದೆ? ಮೌನೇಶರು ಫೋನಿನಲ್ಲೇ ಮೀಟಿ ಕೇಳಿಸುತ್ತಿದ್ದರು. "ಸತ್ತ ಸದ್ದು," ಎನ್ನುತ್ತಿದ್ದರು ಮೃಣಾಲಿನಿ. ಇವರು ಮತ್ತೆ ಉಜ್ಜುತ್ತಿದ್ದರು. ಹೀಗೆ ಉಜ್ಜಿ ಉಜ್ಜಿ ಮೂರು ಕುದುರೆಗಳು ಸವೆದು ಹಾಳಾದವು. ಈಗಿನದು ನಾಲ್ಕನೆಯದು. ತನಗೆ ಕೇಳುವ ಗುಂಗು ಅಷ್ಟು ದೊಡ್ಡ ಗಾಯಕಿಗೆ ಕೇಳುವುದಿಲ್ಲ ಎಂದಾದರೆ ತಪ್ಪು ತನ್ನ ಕಿವಿಯದೇ ಎಂದು ಮೌನೇಶರು ತೀರ್ಮಾನಿಸಿದ್ದರು. ಕಿವಿಯ ಮೇಲೆ ನಂಬಿಕೆ ಹೋದ ಮೇಲೆ ಅರ ಹಿಡಿಯುವ ಧೈರ್ಯ ಎಲ್ಲಿಂದ ಬರಬೇಕು?

ಶಾಹೀನರು ಸ್ವಲ್ಪ ಯೋಚಿಸಿ, "ಅವರಿಗೆ ಫೋನ್ ಹಚ್ಚರಿ. ಅವರ ಮನ್ಯಾಗಿನ ಹಳೇ ತಂಬೂರಿ ಮೀಟಾಕ ಹೇಳ್ರಿ," ಎಂದರು.

ಮೌನೇಶರ ಫೋನನ್ನು ಹಲಗೆಗಳಿಗೆ ಜೋಡಿಸಿದರು. ಮೃಣಾಲಿನಿಯವರ ದನಿ ಕೋಣೆಗೆ ಬಂತು.

"ಏನೋ ಮೌನೇಶ, ಈಗ ನನಗ ಪರೀಕ್ಷಾ ಇಟ್ಟೀಯೇನು?" ಎಂದು ನಗುತ್ತಲೇ ಅವರು ತಂಬೂರಿ ಮೀಟಿದರು.

ಸ್ವರ ಬಂತು. ಗುಂಗು ಬರಲಿಲ್ಲ. ಬೋಳು ಬೋಳಾದ ಸದ್ದು. ಐದು ನಿಮಿಷದ ಹಿಂದೆ ಅದೇ ಹಲಗೆಗಳಿಂದ ಬೇರೆಯದನ್ನು ಕೇಳಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಕ್ಕಾರ, ನಿಮ್ಮ ತಂಬೂರಿನೂ ಸತ್ತೈತ್ರಿ!" ಎಂದು ಮೌನೇಶರು ಕೂಗಿಯೇಬಿಟ್ಟರು.

"ಹುಚ್ಚು ಹಿಡದದೇನು? ಇಲ್ಲೆ ಇಡೀ ಮನಿ ತುಂಬೇದ ಗುಂಗು!"

ಶಾಹೀನರು ಫೋನಿನತ್ತ ಬಾಗಿ ವಿವರಿಸಿದರು. ಫೋನು ಮನುಷ್ಯರ ಮಾತನ್ನು ಮಾತ್ರ ಬೇಕಾದ ಸದ್ದು ಎಂದು ಹಿಡಿಯುತ್ತದೆ. ಒಂದೇ ಸಮನೆ ಇರುವ ಗುಂಗನ್ನು ಫ್ಯಾನಿನ ಸದ್ದೆಂದು ತಿಳಿದು ಒರೆಸಿ ಕಳಿಸುತ್ತದೆ. ಮೂವತ್ತು ನಲವತ್ತು ವರ್ಷಗಳಿಂದ ಇದೇ ನಡೆದಿದೆ. ಶುರುವಾದಾಗ ಜನ, ಎಷ್ಟು ಸ್ವಚ್ಛ ಕೇಳಿಸುತ್ತದೆ ಎಂದು ಹೊಗಳಿದ್ದರು. ಆಮೇಲೆ ರೂಢಿಯಾಯಿತು. ಏನೇನು ಒರೆಸಿಹೋಯಿತು ಎಂದು ಯಾರೂ ಕೇಳಲಿಲ್ಲ.

ಮೌನೇಶರ ಕಣ್ಣಲ್ಲಿ ನೀರು ಬಂದಿತ್ತು. ಸವೆಸಿ ಎಸೆದ ಮೂರು ಕುದುರೆಗಳ ಸಂಕಟವೂ, ತನ್ನ ಕಿವಿ ತನಗೆ ಮರಳಿ ಸಿಕ್ಕ ಸಂತೋಷವೂ ಒಟ್ಟಿಗೇ ಉಕ್ಕಿದ್ದವು.

ಪುಣೆಯ ಕಡೆಯಿಂದ ತಂಬೂರಿ ಇನ್ನೊಮ್ಮೆ ಮೀಟಿದ ಸದ್ದು ಬಂತು, ಬೋಳಾಗಿಯೇ.

"ಡಾಕ್ಟರ," ಎಂದರು ಮೃಣಾಲಿನಿ, "ನಾ ಫೋನ್‌ನ್ಯಾಗ ಸಂಗೀತ ಕಲಸ್ಲಿಕ್ಕೆ ಹತ್ತಿ ಮೂವತ್ತೆರಡು ವರ್ಷ ಆತು. ಪಾಠದಾಗ ಇದೇ ತಂಬೂರಿ ನುಡಸ್ತೀನಿ. ಹಂಗಾರ ನನ್ನ ಹುಡುಗರು ಏನು ಕೇಳ್ಯಾರ?"

ಶಾಹೀನರು ಹಲಗೆಗಳತ್ತ ತಿರುಗಿ ನೋಡಿದರು. ತನ್ನ ಹಲಗೆ ತನಗೆ ಮುಟ್ಟಿದ್ದನ್ನೆಲ್ಲ ಮರಳಿಸಬಲ್ಲದು. ಮುಟ್ಟದೇ ಹೋದದ್ದನ್ನು ಎಲ್ಲಿಂದ ತರಬೇಕು?

ಮೌನೇಶರು ಕಣ್ಣೊರೆಸಿಕೊಂಡು ತಂಬೂರಿಗೆ ಗವಸು ಹಾಕತೊಡಗಿದರು. "ಅಕ್ಕಾರ, ನಾಳೆ ನಾನೇ ತಗೊಂಡು ಬರ್ತೀನಿ. ನಿಮ್ಮ ಶಿಷ್ಯರನ್ನ ಒಬ್ಬೊಬ್ಬರನ್ನ ಮನೀಗೆ ಕರೀರಿ. ಎದುರಿಗೆ ಕುಂತು ಕೇಳಲಿ. ಮೊದಲ ಸೇರಿದವರಿಂದ ಶುರು ಮಾಡ್ರಿ."

"ಮೊದಲನೇ ತಂಡ ಸೇರಿದ್ದು 2026ರಾಗ," ಎಂದರು ಮೃಣಾಲಿನಿ. "ಅವರೂ ಈಗ ಕಲಸ್ಲಿಕ್ಕೆ ಹತ್ಯಾರೋ ಮೌನೇಶ. ಫೋನ್‌ನ್ಯಾಗ."